ಹೊಟ್ಟೆ ಸೀಳಿದ ಸದ್ಧು

ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಸೀಳಿ ಎಂದು ಎಲ್ಲರೂ ಕರೆಯುವ ಹುಡುಗಿ ಒಂದೊಂದನ್ನೇ ಒರೆಸುತ್ತಿದ್ದಳು. ಅಮ್ಮನ ಹೊಲಿಗೆಯ ಚೀಲದಿಂದ ತಂದ ಬಿಳಿ ಬಟ್ಟೆಯ ಚೂರು, ಒಂದು ಬಟ್ಟಲಲ್ಲಿ ಸ್ಪಿರಿಟ್ಟು. ಮೊದಲು ಡಬ್ಬಿಯ ಮೂಲೆಗಳು, ಆಮೇಲೆ ಬೆನ್ನು, ಕೊನೆಗೆ ಮುಖ. ಗೋಂದು ಬಿಡದಿದ್ದರೆ ಉಗುರಿನಿಂದ ಕೆರೆಯುವಳು, ಬ್ಲೇಡು ಮುಟ್ಟಿಸಳು. ಬ್ಲೇಡು ಗೀರು ಉಳಿಸುತ್ತದೆ. ಎದುರಿಗೆ ಅಣ್ಣ, ಅವಳು ಒರೆಸಿದ್ದನ್ನೆಲ್ಲ ಎತ್ತಿಕೊಂಡು ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸುತ್ತಿದ್ದ. ಇಬ್ಬರ ನಡುವೆ ಮಾತಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ನಡೆಯುವಾಗ ಅಡುಗೆಮನೆಯಲ್ಲಿ ಕವರು ಮಡಚುವವರು ಕಾಗದವನ್ನೂ ಸರಕ್ಕೆನ್ನಿಸುವಂತಿರಲಿಲ್ಲ, ಮೈಕು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಹನ್ನೆರಡು ವರ್ಷ ಹಾಗೆ ಉಸಿರು ಬಿಗಿಹಿಡಿದು ಕೆಲಸ ಮಾಡಿದವರಿಗೆ ಒಟ್ಟಿಗೆ ಕೂತರೆ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಅಣ್ಣನ ರೆಕಾರ್ಡ್ ಕಂಪನಿಯ ಹೆಸರು ‘ಸದ್ಧು’. ಕಂಪನಿಯೆಂದರೆ ಒಂದು ಬಾಡಿಗೆ ಮನೆಯ ಮುಂದಿನ ಕೋಣೆ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಳೆಯ ಹಾಸಿಗೆಗಳು, ನಾಲ್ಕು ಮೈಕು, ಎರಡು ಟೇಪ್ ಡೆಕ್ಕು. ದೊಡ್ಡ ಕಂಪನಿಗಳು ಹೊಸಿಲು ಹತ್ತಿಸದ ರಾಕ್ ತಂಡಗಳೆಲ್ಲ ಆ ಕೋಣೆಗೆ ಬಂದು ಅರಚಿ ಹೋಗಿದ್ದವು. ಈಗ ಅದಕ್ಕೆ ಹನ್ನೆರಡು ವರ್ಷ. ಕಾಲೇಜಿನವರು ತಮ್ಮ ದೊಡ್ಡ ಹಾಲಿನಲ್ಲಿ ಪ್ರದರ್ಶನ ಇಟ್ಟಿದ್ದರು, ಒಬ್ಬ ಪ್ರೊಫೆಸರು ದಪ್ಪ ಪುಸ್ತಕ ಬರೆದಿದ್ದರು. ಸಂಜೆ ಐದಕ್ಕೆ ಉದ್ಘಾಟನೆ. ಆ ಎಲ್ಲ ಕ್ಯಾಸೆಟ್ಟುಗಳ ಕವರನ್ನೂ ಕತ್ತರಿಸಿ, ಬಣ್ಣ ಒತ್ತಿ, ಮಡಚಿ, ಡಬ್ಬಿಗೆ ತುಂಬಿದ್ದು ಸೀಳಿಯ ಕೈ. ಅವಳಿಗೀಗ ಇಪ್ಪತ್ತೇಳು. ಸೀಳಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ.

ಕೊನೆಯ ಡಬ್ಬಿಯನ್ನು ಒರೆಸಿ ತಾನೇ ಗಾಜಿನೊಳಗೆ ಇಡಲು ಎದ್ದಾಗ ಚೀಟಿಗಳು ಕಣ್ಣಿಗೆ ಬಿದ್ದವು. ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ ಪ್ರತಿ ವಸ್ತುವಿನ ಪಕ್ಕದಲ್ಲೂ ಒಂದೊಂದು ನಿಲ್ಲಿಸಿದ್ದರು. ಅವಳು ಓದುವುದು ನಿಧಾನ, ತುಟಿ ಅಲುಗಿಸಿಕೊಂಡೇ ಓದಬೇಕು. ಎಕ್ಸ್‌ರೇ ಹಾಳೆಯಿಂದ ಕತ್ತರಿಸಿದ ಸ್ಟೆನ್ಸಿಲ್ಲಿನ ಪಕ್ಕದ ಚೀಟಿಯನ್ನು ಹಾಗೆ ಓದಿದಳು.

‘ಸದ್ಧು: ಬೇಕೆಂದೇ ಮಾಡಿದ ಕಾಗುಣಿತದ ದಂಗೆ. ಶಾಲೆ ಕಲಿಸಿದ ಭಾಷೆಯ ಹೊಟ್ಟೆಯನ್ನು ಸೀಳಿ ಅದಕ್ಕೆ ಉಸಿರು ತುಂಬಿದ ಈ ಅಕ್ಷರ ಸಂಸ್ಥಾಪಕರ ಕಲ್ಪನೆ ಮತ್ತು ಕೈಕೆಲಸ. ಹಾಳೆಯಲ್ಲಿ ಕಾಣುವ ಮೂಳೆಗಳು ನಗರದ ಸಾವನ್ನು ಸೂಚಿಸುತ್ತವೆ.’

ಅದರ ಪಕ್ಕದಲ್ಲಿ, ಅಕ್ಷರದ ಕೆಳಗಿನ ಸೀಳನ್ನು ಕಪ್ಪು ಶಾಯಿಯಿಂದ ಮುಚ್ಚಿದ್ದ ಒಂದು ಕ್ಯಾಸೆಟ್ಟು. ‘ಕಪ್ಪು ಬಳಿದ ಪ್ರತಿ. ಈ ಅಕ್ಷರಕ್ಕೆ ಹೆದರಿದ ಅಂಗಡಿಯವರು ಸೀಳನ್ನು ಮುಚ್ಚಿ ಮಾರಿದರು. ಅತ್ಯಂತ ಅಪರೂಪ.’

ಸೀಳಿ ಎರಡನ್ನೂ ಮತ್ತೊಮ್ಮೆ ಓದಿದಳು. ತಾನೇ ತಪ್ಪು ಓದಿಕೊಂಡೆನೇನೋ ಎಂಬ ಅನುಮಾನ ಅವಳಿಗೆ ಯಾವಾಗಲೂ ಇತ್ತು. ಈ ಸಲ ತಪ್ಪಿರಲಿಲ್ಲ.

“ಅಣ್ಣ, ಇದನ್ನ ಯಾರು ಬರೆದಿದ್ದು?”

“ಪ್ರೊಫೆಸರ್ರು. ಚೆನ್ನಾಗಿದೆ ಅಲ್ವಾ?”

“ಇದು ಅಮ್ಮನ ಕೈ.”

“ಏನು?”

“ನಗರದ ಸಾವು ಅಂತ ಬರೆದಿದ್ದಾರಲ್ಲ. ಅದು ಅಮ್ಮನ ಮಣಿಕಟ್ಟು.”

ಅಣ್ಣ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟ. “ಮೆಲ್ಲಗೆ ಮಾತಾಡು,” ಎಂದ. ಹಾಲಿನಲ್ಲಿ ಇನ್ನೂ ಯಾರೂ ಇರಲಿಲ್ಲ.

ಅದು ಅಮ್ಮನ ಮಣಿಕಟ್ಟೇ. ಸೀಳಿ ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ಮೆಟ್ಟಿಲು ಜಾರಿ ಬಲಗೈ ಮುರಿದುಕೊಂಡಿದ್ದಳು. ಮನೆ ನಡೆಯುತ್ತಿದ್ದದ್ದು ಅವಳ ಹೊಲಿಗೆಯಿಂದ. ಯಾರಾದರೊಬ್ಬರು ಮೆಷಿನ್ನಿಗೆ ಕೂರಬೇಕಿತ್ತು. ಅಣ್ಣನಿಗೆ ಪರೀಕ್ಷೆ ಹತ್ತಿರವಿತ್ತು, ಇವಳಿಗೆ ಇರಲಿಲ್ಲ. ಹಾಗೆ ಒಂದು ಸೋಮವಾರ ಕೂತವಳು ಮತ್ತೆ ಶಾಲೆಗೆ ಹೋಗಲಿಲ್ಲ. ಹೋಗಲಿಲ್ಲವೆಂದು ಅತ್ತವಳೂ ಅಲ್ಲ. ಅಲ್ಲಿ ಅವಳನ್ನು ಅಳಿಸಲು ಒಂದು ಅಕ್ಷರವಿತ್ತು. ‘ಧನ ಸಂಪಾದನೆ’ ಎಂದು ಬರೆಯಬೇಕಾದಲ್ಲಿ ಅವಳು ‘ದನ ಸಂಪಾದನೆ’ ಎಂದು ಬರೆದಿದ್ದಳು. ಟೀಚರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ನಲವತ್ತು ಮಕ್ಕಳು ಒಟ್ಟಿಗೆ ‘ಅಂಬಾ’ ಎಂದರು. “ಹೊಟ್ಟೆ ಸೀಳೇ, ಹೊಟ್ಟೆ ಸೀಳು,” ಎಂದು ಟೀಚರು ಅವಳ ಕೈಹಿಡಿದು ದ ಅಕ್ಷರದ ಕೆಳಗೆ ಒಂದು ಗೀಟು ಎಳೆಸಿದರು, ಹಾಳೆ ಹರಿಯುವಷ್ಟು ಒತ್ತಿ. ಅವತ್ತಿನಿಂದ ಅನುಮಾನ ಬಂದಲ್ಲೆಲ್ಲ ಅವಳು ಹೊಟ್ಟೆ ಸೀಳಿಬಿಡುತ್ತಿದ್ದಳು. ಸೀಳಿದ್ದಕ್ಕೆ ಯಾರೂ ಅಂಬಾ ಎನ್ನುವುದಿಲ್ಲ.

ಮೂರು ವರ್ಷದ ಮೇಲೆ ಅಣ್ಣ ಗೆಳೆಯರನ್ನು ಕಟ್ಟಿಕೊಂಡು ಕಂಪನಿ ಶುರುಮಾಡಿದ. “ಸದ್ದು ಅಂತ ಹೆಸರು. ಕಪ್ಪು ಕಾಗದದ ಮೇಲೆ ಬಿಳಿ ಬಣ್ಣದಲ್ಲಿ ಬರ್ಬೇಕು. ನೀನು ಬಟ್ಟೆ ಕತ್ತರಿಸ್ತೀಯಲ್ಲ, ಹಾಗೇ ಒಂದು ಅಚ್ಚು ಕತ್ತರಿಸಿಕೊಡು,” ಎಂದು ಬಾಯಲ್ಲಿ ಹೇಳಿ ಹೋದ. ಕಾಗದದ ಮೇಲೆ ಬರೆದುಕೊಡಲಿಲ್ಲ. ಅವಳು ಬೀರುವಿನಿಂದ ಅಮ್ಮನ ಎಕ್ಸ್‌ರೇ ತೆಗೆದು, ಯೋಚಿಸಿದಳು. ಯುದ್ಧಕ್ಕೆ ಹೊಟ್ಟೆ ಸೀಳಬೇಕು. ಶುದ್ಧಕ್ಕೂ, ಸಿದ್ಧಕ್ಕೂ ಸೀಳಬೇಕು. ಇಷ್ಟೆಲ್ಲ ಗಲಾಟೆಯ ಹೆಸರಿಗೆ ಸೀಳದೆ ಇರುತ್ತಾರೆಯೇ? ಮೂಳೆಗಳ ನಡುವೆ ಬ್ಲೇಡು ಇಳಿಸಿ, ದ ಅಕ್ಷರದ ಕೆಳಗಿನ ಒತ್ತಿಗೆ ಒಂದು ಸಣ್ಣ ಸೀಳು ಹಾಕಿದಳು. ಒಬ್ಬಳೇ ಕೂತು ಮುನ್ನೂರು ಕವರಿಗೆ ಬಿಳಿ ಬಣ್ಣ ಒತ್ತಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಸಿದಳು. ಹಗ್ಗದ ತುಂಬ ಸದ್ಧು.

ಅಣ್ಣ ಬಂದು ನೋಡಿ ಸ್ಟೆನ್ಸಿಲ್ಲನ್ನು ಗೋಡೆಗೆ ಎಸೆದ. “ದಡ್ಡಿ, ಸದ್ದಿಗೆ ಯಾರಾದ್ರೂ ಹೊಟ್ಟೆ ಸೀಳ್ತಾರೇನೆ? ಏಳನೇ ಕ್ಲಾಸಿಗೇ ಬಿಟ್ಟವಳ ಕೈಗೆ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಹೊಡೀಬೇಕು.” ಆಮೇಲೆ ಒಂದು ಕಪ್ಪು ಸ್ಕೆಚ್ ಪೆನ್ನನ್ನು ಅವಳ ಮುಂದೆ ಇಟ್ಟ. “ಕೂತ್ಕೊಂಡು ಒಂದೊಂದನ್ನೂ ತಿದ್ದು.”

ಅವಳು ಕೂತು ಒಂದೊಂದೇ ಸೀಳನ್ನು ಕಪ್ಪು ಮಾಡತೊಡಗಿದಳು. ನಲವತ್ತು ಮುಗಿದಿತ್ತು. ಅಷ್ಟರಲ್ಲಿ ಅಣ್ಣನ ಗೆಳೆಯರ ತಂಡದ ಹಾಡುಗಾರ ಬಂದು, ಕಾರ್ಯಕ್ರಮಕ್ಕೆ ಹೊತ್ತಾಯಿತೆಂದು ಕವರುಗಳ ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಹೋದ. ಅವನನ್ನು ಎಲ್ಲರೂ ಗಂಟಲು ಎನ್ನುತ್ತಿದ್ದರು. ಅಂದಿನ ಕಾರ್ಯಕ್ರಮದಲ್ಲಿ ಗಂಟಲು ಒಂದು ಕವರನ್ನು ಮೇಲೆತ್ತಿ ಹಿಡಿದು, “ನಮ್ಮ ಹುಡುಗಿಯೊಬ್ಬಳು ಬರೆದಿದ್ದಾಳೆ, ಹೇಗಿದೆಯೋ ಹಾಗೇ ಓದ್ತೀನಿ ಕೇಳಿ,” ಎಂದು ಗೇಲಿ ಮಾಡಿ, ಹೊಟ್ಟೆಯಿಂದ ಉಸಿರು ತಂದು ‘ಸದ್‌ಧು’ ಎಂದ. ಉಸಿರು ಮೈಕಿಗೆ ಬಡಿದು ಸ್ಪೀಕರು ಧಡ್ಡೆಂದಿತು. ಜನ ನಕ್ಕರು, ಆಮೇಲೆ ತಾವೂ ಹಾಗೇ ಕೂಗಿದರು. ಇನ್ನೂರು ಮಂದಿ ಒಟ್ಟಿಗೆ ಕೂಗಿದಾಗ ಅದು ಗೇಲಿಯಾಗಿ ಉಳಿಯಲಿಲ್ಲ. ಸೀಳಿ ಬಾಗಿಲ ಪಕ್ಕ ನಿಂತಿದ್ದಳು. ಅವಳಿಗೆ ಅದು ಅಂಬಾ ಎಂದೇ ಕೇಳಿಸಿತು.

ಅಲ್ಲಿಂದ ಆ ಸೀಳು ಊರೆಲ್ಲ ಹರಡಿತು. ಮೊದಲು ಸೇತುವೆಯ ಕೆಳಗಿನ ಗೋಡೆಗಳ ಮೇಲೆ, ಬಸ್ಸಿನ ಸೀಟುಗಳ ಬೆನ್ನ ಮೇಲೆ. ಆಮೇಲೆ ಹುಡುಗರ ತೋಳಿನ ಹಚ್ಚೆಯಲ್ಲಿ. ಹೊಸದಾಗಿ ಹುಟ್ಟಿದ ತಂಡಗಳು ಸಿಕ್ಕಸಿಕ್ಕ ಅಕ್ಷರದ ಹೊಟ್ಟೆ ಸೀಳಿದವು. ಬೀದಿ ‘ಭೀದಿ’ಯಾಯಿತು, ಗದ್ದಲ ‘ಗದ್ಧಲ’ವಾಯಿತು. ಪೇಪರಿನವರು ತಲೆಬರಹಗಳಲ್ಲಿ ಹಾಗೆ ಬರೆದರು. ಒಂದು ಫ್ಯಾನ್ ಕಂಪನಿಯವರು ‘ಸದ್ಧೇ ಇಲ್ಲದ ಗಾಳಿ’ ಎಂದು ಬೋರ್ಡು ನಿಲ್ಲಿಸಿದರು. ಶಾಲೆಗಳಲ್ಲಿ ಮಕ್ಕಳು ಬೇಡದ ಕಡೆ ಹೊಟ್ಟೆ ಸೀಳಿ, ಕೇಳಿದರೆ “ಇದು ಸ್ಟೈಲು ಮಿಸ್” ಎಂದರಂತೆ. ಅದನ್ನು ಅಣ್ಣ ನಗುತ್ತಾ ಹೇಳಿದಾಗ ಸೀಳಿ ನಗಲಿಲ್ಲ. ಒಂದೇ ಗೀಟು, ಅವಳು ಎಳೆದರೆ ದಡ್ಡತನ, ಕಾಲೇಜು ಮೆಟ್ಟಿಲು ಹತ್ತಿದವರು ಎಳೆದರೆ ದಂಗೆ.

ಅಣ್ಣನ ಮಾತು ಬದಲಾದದ್ದನ್ನೂ ಅವಳು ನೋಡಿದ್ದಳು. ಪತ್ರಿಕೆಯವರು ಮನೆಗೆ ಬಂದಾಗ ಟೀ ತಂದಿಟ್ಟು ಬಾಗಿಲ ಮರೆಯಲ್ಲಿ ನಿಲ್ಲುವುದು ಅವಳ ಪದ್ಧತಿ. ಮೊದಲ ವರ್ಷ ಅಣ್ಣ “ನಮ್ಮ ತಂಗಿ ಮಾಡಿದ ಎಡವಟ್ಟು” ಎಂದ. ಮೂರನೇ ವರ್ಷ “ಒಂದು ಎಡವಟ್ಟಾಯ್ತು” ಎಂದ; ತಂಗಿ ಬಿದ್ದುಹೋದಳು. ಐದನೇ ವರ್ಷ “ನೋಡಿದ್ವಿ, ಹಾಗೇ ಇರ್ಲಿ ಅಂತ ಬಿಟ್ವಿ.” ಎಂಟನೇ ವರ್ಷ “ಹಾಗೇ ಇಡೋಣ ಅಂತ ನಿರ್ಧಾರ ಮಾಡಿದೆ.” ಪ್ರತಿ ಸಲವೂ ಅವಳ ಪಾಲಿನ ಒಂದು ಗುಕ್ಕು. ಹೋಗಲಿ, ಕಂಪನಿ ಅವನದ್ದೇ ತಾನೆ ಎಂದು ಅವಳು ಸುಮ್ಮನಿದ್ದಳು. ಈಗ ತಟ್ಟೆಯನ್ನೇ ಬಳಿದಂತಾಗಿತ್ತು: ಕಲ್ಪನೆಯೂ ಅವನದ್ದು, ಕೈಕೆಲಸವೂ ಅವನದ್ದು. ಅವಳು ಕಣ್ಣು ಉರಿಯುವವರೆಗೆ ಕೂತು ತಿದ್ದಿದ್ದ ನಲವತ್ತು ಸೀಳುಗಳು ಯಾವನೋ ಹೆದರುಪುಕ್ಕ ಅಂಗಡಿಯವನ ಪಾಲಾಗಿದ್ದವು.

“ಈ ಎರಡು ಚೀಟಿ ತೆಗೆಸು,” ಎಂದಳು ಸೀಳಿ.

“ಈಗ್ಲಾ? ಇನ್ನೊಂದು ಗಂಟೆಯೊಳಗೆ ಜನ ಬರ್ತಾರೆ. ಪ್ರಿಂಟಾಗಿ ಬಂದಿದೆ ಕಣೇ.”

“ಅವತ್ತೂ ಪ್ರಿಂಟಾಗಿತ್ತು. ಕೂತ್ಕೊಂಡು ತಿದ್ದು ಅಂದಿದ್ದೆ ನೀನು.”

ಅಣ್ಣನಿಗೆ ನಗು ಬಂದು ನಿಂತಿತು. “ಏನಾಗ್ಬೇಕು ಈಗ ನಿನಗೆ? ಹೆಸರು ಬೇಕಾ? ಪುಸ್ತಕದ ಕೊನೇಲಿ ಥ್ಯಾಂಕ್ಸ್ ಹೇಳಿರೋ ಕಡೆ ನೀನೂ ಇದ್ದೀಯ. ‘ಮನೆಯವರ ಸಹಕಾರ’ ಅಂತ.”

“ಸಹಕಾರ.”

“ಮತ್ತೇನು?”

“ಹೆಸರು ಬೇಡ. ಅದು ತಪ್ಪು ಅಂತ ಬರೆಸು. ತಂಗಿ ಮಾಡಿದ ತಪ್ಪು ಅಂತ. ಅಂಗಡಿಯವರಲ್ಲ, ಅವಳೇ ಪೆನ್ನಲ್ಲಿ ತಿದ್ದಿದ್ದು ಅಂತ.”

“ಹುಚ್ಚು ಹಿಡೀತಾ? ಅದನ್ನ ಬರೆದ್ರೆ ನಿನ್ನ ಮಾನವೇ ತಾನೆ ಹೋಗೋದು.”

“ನನ್ನ ಮಾನ ಆವತ್ತೇ ಹಗ್ಗದ ಮೇಲೆ ಒಣಗಿತ್ತು,” ಎಂದಳು ಸೀಳಿ. ಇಷ್ಟು ಉದ್ದದ ಮಾತನ್ನು ಅವಳು ಅಣ್ಣನಿಗೆ ಯಾವತ್ತೂ ಆಡಿರಲಿಲ್ಲ. ಆದರೂ ನಿಲ್ಲಿಸಲಿಲ್ಲ. “ಬೈಸಿಕೊಂಡವಳು ನಾನು. ತಪ್ಪು ಅಂತ ಇದ್ದಾಗ ನೀವೆಲ್ಲ ನನ್ನ ತಲೆಗೆ ಕಟ್ಟಿದ್ರಿ. ಈಗ ಒಳ್ಳೇದಾಯ್ತು ಅಂದ ಕೂಡ್ಲೆ ಎತ್ಕೊಂಡು ಹೋಗ್ತೀರಾ?”

ಬಾಗಿಲಲ್ಲಿ ಗಂಟಲು ಕಾಣಿಸಿಕೊಂಡ, ಜೊತೆಗೆ ಪ್ರೊಫೆಸರು. ಗಂಟಲಿನ ತಲೆ ಈಗ ಅರ್ಧ ಬೋಳು. ಜಾಕೆಟ್ಟು ಮಾತ್ರ ಹಳೆಯದೇ. “ಏನ್ ಸೀಳಕ್ಕ, ಎಲ್ಲ ಫಳಫಳ ಮಾಡಿಟ್ಟಿದ್ದೀಯ. ನನ್ನ ಬುರುಡೆನೂ ಒಂದ್ಸಲ ಒರೆಸಿಬಿಡು,” ಎಂದ.

“ಗಂಟಲಣ್ಣ, ನನ್ನನ್ನ ಯಾಕೆ ಸೀಳಿ ಅಂತ ಕರೀತೀರಾ?”

“ಯಾಕೆ ಅಂದ್ರೆ? ನೀನು ಸದ್ದಿಗೆ ಹೊಟ್ಟೆ...” ಎಂದವನು ಅಣ್ಣನ ಮುಖ ನೋಡಿದ. ಆಮೇಲೆ ಗೋಡೆಯ ಮೇಲಿದ್ದ ತನ್ನ ಹಳೆಯ ಫೋಟೊವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಪ್ರೊಫೆಸರಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರು ಕೆಟ್ಟವರಲ್ಲ, ಮಾತು ಮೃದು. ಅವಳಿಗೆ ಒಂದು ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ.

“ನೋಡಮ್ಮ, ನೀವು ಹೇಳ್ತಾ ಇರೋದು ನಿಜವೇ ಇರ್ಬಹುದು. ಆದರೆ ಒಂದು ಗುರುತು ಒಮ್ಮೆ ಜನರ ಪಾಲಾದ ಮೇಲೆ ಅದನ್ನ ಮೊದಲು ಯಾರು ಮಾಡಿದ್ರು ಅನ್ನೋದು ಮುಖ್ಯ ಆಗಲ್ಲ. ಅದು ಎಲ್ಲರದ್ದು.”

“ಎಲ್ಲರದ್ದು ಅಂದ್ರೆ ಚೀಟೀಲಿ ಅಣ್ಣನದ್ದು ಅಂತ ಯಾಕಿದೆ ಸರ್?”

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು... ಸಂಸ್ಥಾಪಕರು ಅನ್ನೋದು ಒಂದು ಸಂಕೇತ. ಇಡೀ ಪುಸ್ತಕ ನಿಂತಿರೋದೇ ಇದು ಪ್ರಜ್ಞಾಪೂರ್ವಕ ಅನ್ನೋದರ ಮೇಲೆ. ಐದು ಅಧ್ಯಾಯ. ಈಗ ಇದು ಬರೀ ಕಾಗುಣಿತದ ತಪ್ಪು ಅಂದ್ರೆ...”

“ನಾನು ಪ್ರಜ್ಞೆ ಇಟ್ಕೊಂಡೇ ತಪ್ಪು ಮಾಡಿದ್ದು ಸರ್. ಬಹಳ ಯೋಚ್ನೆ ಮಾಡಿ ಮಾಡಿದ್ದು.”

ಗಂಟಲು ಫೋಟೊದ ಕಡೆ ಮುಖಮಾಡಿಕೊಂಡೇ ಕಿಸಕ್ಕೆಂದ. ಪ್ರೊಫೆಸರು ನಗಲಿಲ್ಲ. ಎರಡನೇ ಮುದ್ರಣದಲ್ಲಿ ಒಂದು ಅಡಿಟಿಪ್ಪಣಿ ಹಾಕಬಹುದೇನೋ, ಯೋಚಿಸೋಣ ಎಂದರು. ಅಡಿಟಿಪ್ಪಣಿ ಎಂದರೇನೆಂದು ಅವಳು ಕೇಳಿದಳು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತದಲ್ಲ, ಅದು ಎಂದರು. ಅಕ್ಷರದ ಕೆಳಗೆ ಸೀಳು ಇದ್ದ ಹಾಗೆ, ಎಂದುಕೊಂಡಳು ಸೀಳಿ, ಬೇಕಾದರೆ ಮುಚ್ಚಬಹುದು.

ಜನ ಬರತೊಡಗಿದರು. ಅಣ್ಣ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದ. “ಅಮ್ಮನೂ ಬರ್ತಾ ಇದ್ದಾಳೆ. ಅವಳ ಮುಂದೆ ರಂಪ ಮಾಡ್ಬೇಡ. ನನ್ನ ಇಡೀ ಜೀವನ ಇದು ಕಣೇ.” ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಅವನಿಗೆ ತನ್ನ ಕಥೆಯ ಮೇಲೆ ನಂಬಿಕೆ ಬಂದುಬಿಟ್ಟಿದೆ ಎಂದು ಅವಳಿಗೆ ಆಗ ಹೊಳೆಯಿತು. ಬ್ಲೇಡು ಹಿಡಿದು ಕೂತದ್ದು ತಾನೇ ಎಂದು ಅವನಿಗೆ ನೆನಪೂ ಇರಬಹುದು. ಅದು ಅವಳ ಸಿಟ್ಟನ್ನು ಇಳಿಸಲಿಲ್ಲ. ಸುಳ್ಳು ಹೇಳುವವನ ಜೊತೆ ಜಗಳವಾಡಬಹುದು, ಹಾಗೇ ನೆನಪಿದೆ ಎನ್ನುವವನ ಜೊತೆ ಏನು ಮಾಡುವುದು?

“ನನ್ನ ಜೀವನ ಎಲ್ಲಿತ್ತು ಅಣ್ಣ, ಈ ಹನ್ನೆರಡು ವರ್ಷ?” ಎಂದು ಕೇಳಿದಳು.

ಅವನು ಯಾರನ್ನೋ ಕಂಡು ಕೈ ಮೇಲೆತ್ತಿ ಆ ಕಡೆ ಹೋದ.

ಐದು ಗಂಟೆಗೆ ಹಾಲು ತುಂಬಿತ್ತು. ಅಮ್ಮ ಮೊದಲ ಸಾಲಿನಲ್ಲಿ ಕೂತು ಸೊಟ್ಟಗಿನ ಬಲಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಎದ್ದುಬಂದು ಗಾಜಿನೊಳಗಿನ ತನ್ನ ಮೂಳೆಯನ್ನು ಒಮ್ಮೆ ನೋಡಿ, ಮತ್ತೆ ಹೋಗಿ ಕೂತಿದ್ದಳು. ಮಗಳ ಕಡೆ ನೋಡಿರಲಿಲ್ಲ. ಅವಳ ಹಿಂದೆ ಪತ್ರಿಕೆಯವರು, ಕಾಲೇಜಿನವರು, ಎದೆಯ ಮೇಲೆ ‘ಸದ್ಧು’ ಎಂದಿರುವ ಅಂಗಿ ತೊಟ್ಟ ಹುಡುಗ ಹುಡುಗಿಯರು. ಗಂಟಲು ಕಪ್ಪು ಸ್ಕೆಚ್ ಪೆನ್ನು ಹಿಡಿದು ಪುಸ್ತಕಗಳಿಗೆ, ಅಂಗಿಗಳಿಗೆ ಸಹಿ ಹಾಕುತ್ತಾ ನಡುದಾರಿಯಲ್ಲೇ ನಿಂತಿದ್ದ. ಸೀಳಿ ಹಿಂದೆ ಗಾಜಿನ ಪೆಟ್ಟಿಗೆಯ ಪಕ್ಕ ನಿಂತಳು. ಒರೆಸುವುದಕ್ಕೆಂದು ಕೊಟ್ಟಿದ್ದ ಬೀಗದಕೈ ಅವಳ ಬಳಿಯೇ ಉಳಿದಿತ್ತು.

ಅಣ್ಣ ಮೈಕಿನ ಮುಂದೆ ಬಂದ. “ಎಲ್ರೂ ಕೇಳ್ತಾರೆ, ಆ ಸೀಳು ಎಲ್ಲಿಂದ ಬಂತು ಅಂತ,” ಎಂದು ಶುರುಮಾಡಿದ. “ನಾನು ಒಂದು ಬ್ಲೇಡು ಹಿಡ್ಕೊಂಡು ಕೂತಿದ್ದೆ. ಶಾಲೇಲಿ ನಮಗೆಲ್ಲ ಹೇಳ್ತಿದ್ರಲ್ಲ, ಇಲ್ಲಿ ಸೀಳು, ಅಲ್ಲಿ ಸೀಳಬೇಡ ಅಂತ. ಯಾಕೆ ಕೇಳ್ಬೇಕು ಅವರ ಮಾತು ಅನ್ನಿಸ್ತು...”

ಅಂಬಾ ಎಂದ ಕ್ಲಾಸು ಅವಳದ್ದು. ಹಾಳೆ ಹರಿಯುವಂತೆ ಎಳೆಸಿದ ಗೀಟು ಅವಳದ್ದು. ಅದನ್ನೂ ಅವನು ತನ್ನ ಬಾಯಿಗೆ ಹಾಕಿಕೊಂಡಿದ್ದ.

“ಎಲ್ಲ ಒಟ್ಟಿಗೆ ಹೇಳಿ,” ಎಂದ ಅಣ್ಣ. ಇಡೀ ಹಾಲು ‘ಸದ್‌ಧು’ ಎಂದು ಕೂಗಿತು. ಮೈಕು ಧಡ್ಡೆಂದಿತು.

ಸೀಳಿ ಬೀಗ ತೆಗೆದಳು. ಗಾಜಿನ ಬಾಗಿಲು ಕಿರ್ರೆಂದಿತು. ಸದ್ದು ಮಾಡದೆ ತೆಗೆಯುವುದು ಅವಳಿಗೆ ಗೊತ್ತಿತ್ತು, ಆದರೆ ಹಾಗೆ ತೆಗೆಯಲಿಲ್ಲ. ಹಿಂದಿನ ಸಾಲಿನ ತಲೆಗಳು ತಿರುಗಿದವು, ಆಮೇಲೆ ಅವುಗಳ ಮುಂದಿನವು. ಅವಳು ಎರಡೂ ಚೀಟಿಗಳನ್ನು ಹೊರಗೆ ತೆಗೆದುಕೊಂಡು ನಡುದಾರಿಗೆ ಬಂದಳು. ಮೈಕಿನ ಮುಂದೆ ಅಣ್ಣನ ಮಾತು ನಿಂತಿತು.

“ಇದು ತಪ್ಪಾಗಿದೆ,” ಎಂದಳು ಸೀಳಿ. ಅವಳ ದನಿ ಮೂರು ಸಾಲು ದಾಟುವಷ್ಟೂ ಇರಲಿಲ್ಲ. ಆದರೆ ಹಾಲು ಅಷ್ಟೊಂದು ನಿಶ್ಶಬ್ದವಾಗಿತ್ತು. “ಸದ್ದಿಗೆ ಹೊಟ್ಟೆ ಸೀಳಿದ್ದು ನಾನು. ಗೊತ್ತಿಲ್ಲದೆ ಸೀಳಿದೆ. ಕಪ್ಪು ಬಳಿದಿದ್ದೂ ನಾನೇ. ತಿದ್ದಿ ಕೊಡ್ತೀನಿ, ಎರಡೇ ಸಾಲು. ಯಾರ ಹತ್ರನಾದ್ರೂ ಪೆನ್ ಇದ್ಯಾ?”

ಪತ್ರಿಕೆಯವರ ಬೆರಳುಗಳ ನಡುವೆ ಪೆನ್ನುಗಳಿದ್ದವು. ಪ್ರೊಫೆಸರ ಜೇಬಿನಲ್ಲಿ ಎರಡಿದ್ದವು. ಯಾರೂ ಅಲುಗಲಿಲ್ಲ. ಅಮ್ಮ ತನ್ನ ಮಣಿಕಟ್ಟನ್ನು ನೋಡಿಕೊಳ್ಳುತ್ತಿದ್ದಳು. ಎರಡು ಹೆಜ್ಜೆ ದೂರದಲ್ಲಿ ಗಂಟಲು, ಯಾರದೋ ಬೆನ್ನಿನ ಮೇಲೆ ಅರ್ಧ ಸಹಿ ಹಾಕಿ ನಿಲ್ಲಿಸಿದ ಕೈಯನ್ನು ಹಾಗೇ ಹಿಡಿದುಕೊಂಡು, ವೇದಿಕೆಯ ಕಡೆ ನೋಡಿದ.

ಸೀಳಿ ಕೈ ಚಾಚಿದಳು.

“ಗಂಟಲಣ್ಣ, ಆ ಪೆನ್ ಕೊಡು.”